ಅವನ ಎದೆ, ನನ್ನ ಮಣಿಕಟ್ಟು

ಕೋಟಗಿರಿಯ ಗುಡ್ಡದ ಓಟದಲ್ಲಿ ನನ್ನ ಗಂಡ ತಲೆಸುತ್ತಿ ಕುಳಿತುಬಿಟ್ಟ ಮೇಲೆ ನಮ್ಮ ಕೋಚ್ ಕಡ್ಡಿ ಮುರಿದಂತೆ ಹೇಳಿಬಿಟ್ಟರು. ಎದೆಬಡಿತದ ಪರೀಕ್ಷೆಯಲ್ಲಿ ಪಾಸಾಗದೆ ಅವನಿಗೆ ಇನ್ನು ಉದ್ದದ ಓಟವಿಲ್ಲ. ಏದುಸಿರು ಕಣ್ಣಿಗೇ ಕಾಣುವಾಗ ಅಂಗೈ ಹುಣ್ಣಿಗೆ ಕನ್ನಡಿ ಯಾಕೆ ಎಂದು ನಾನು ಕೊಂಕು ತೆಗೆದೆ. ಒಳಗೊಳಗೆ ಹೆದರಿದ್ದೆ. ಮಸಿನಗುಡಿಯಲ್ಲಿ ನಮ್ಮದು ದಿನಸಿ ಅಂಗಡಿ. ಶಟರ್ ಎತ್ತುವ ಮೊದಲು ಇಬ್ಬರೂ ಓಡಿ ಬರುವುದು ವರ್ಷಗಳ ರೂಢಿ. ಅದು ನಿಂತರೆ ಅವನು ಅರ್ಧ ಮನುಷ್ಯನಾಗುತ್ತಾನೆಂದು ನನಗೆ ಗೊತ್ತಿತ್ತು.

ಪರೀಕ್ಷೆ ಇಟ್ಟದ್ದು ಪಕ್ಕದ ಮಾವನಲ್ಲ ಎಂಬ ಹಳ್ಳಿಯ ಕಾಡುರಸ್ತೆಯಲ್ಲಿ. ಎದೆಗೆ ಕಟ್ಟಿದ ಪಟ್ಟಿ ಬಡಿತವನ್ನು ಹಿಡಿದು ಕೈಗಡಿಯಾರಕ್ಕೆ ಕಳಿಸುತ್ತದೆ. ಎರಡರ ನಡುವೆ ಕಲ್ಲೆಸೆತದ ದೂರ ದಾಟಿದರೆ ಗಡಿಯಾರದಲ್ಲಿ ಅಂಕಿಯ ಬದಲು ಬರೀ ಗೆರೆ. ಜೊತೆಗೆ ಓಡಲಿ ಎಂದು ಕೋಚ್ ನನಗೂ ಅದೇ ಡಬ್ಬಿಯಿಂದ ಒಂದು ಪಟ್ಟಿ, ಒಂದು ಗಡಿಯಾರ ಕೊಟ್ಟರು. ತಾವು ಬೈಕಿನಲ್ಲಿ ಮುಂದೆ ಹೋಗಿ ತಿರುವಿನಲ್ಲಿ ಕಾದರು. ಬಿಸಿಲೇರುವ ಹೊತ್ತಾದರೂ ಅಂದು ಮಂಜು ಬಿಟ್ಟಿರಲಿಲ್ಲ. ಓಡುತ್ತ ನಾನು ಮುಂದಾದೆ, ಗಡಿಯಾರದಲ್ಲಿ ಗೆರೆ ಬಂತು. ಇದೂ ಕೆಟ್ಟಿತೇ ಎಂದು ಬೈದುಕೊಂಡೆ. ಹಿಂದಿನ ಹೆಜ್ಜೆಸದ್ದು ನಿಂತಿದೆ ಎಂದು ಹೊಳೆದಾಗ ತಿರುಗಿ ಓಡಿದೆ.

ರಸ್ತೆ ಖಾಲಿಯಿತ್ತು. ಆಗ ಗಡಿಯಾರಕ್ಕೆ ಜೀವ ಬಂತು. ನನ್ನ ಎದೆ ಡವಡವ ಅನ್ನುತ್ತಿದ್ದರೆ ಅಲ್ಲಿ ಅಂಕಿ ತೊಂಬತ್ತು, ಎಂಬತ್ತು ಎಂದು ಇಳಿಯುತ್ತಿತ್ತು. ನಮ್ಮ ಪಟ್ಟಿಗಳು ಅದಲುಬದಲಾಗಿವೆ, ಇದು ಅವನ ಎದೆ ಎಂದು ತಿಳಿಯಲು ಒಂದು ಗಳಿಗೆ ಬೇಕಾಯಿತು. ಅಂದರೆ ಇಲ್ಲೇ ಎಲ್ಲೋ ಬಿದ್ದಿದ್ದಾನೆ, ಬಡಿತ ಕುಗ್ಗುತ್ತಿದೆ ಎಂದುಕೊಂಡೆ.

ಕೂಗಿದೆ. ಉತ್ತರ ಬರಲಿಲ್ಲ, ಆದರೆ ಅಂಕಿ ನೂರು ದಾಟಿತು. ಮತ್ತೆ ಕೂಗಿದೆ, ಇನ್ನೂ ಏರಿತು. ಬಾಯಿಲ್ಲದ ಎದೆಯೊಂದು ಮಂಜಿನೊಳಗಿಂದ ನನಗೆ ಓಗೊಡುತ್ತಿತ್ತು. ಅಂಕಿ ಎಲ್ಲಿ ಅಳಿಸಿಹೋಗುತ್ತದೆ, ಎಲ್ಲಿ ಮೂಡುತ್ತದೆ ಎಂದು ನೋಡುತ್ತ, ಕೂಗುತ್ತ, ಲಂಟಾನ ಪೊದೆಗಳತ್ತ ನಡೆದೆ. ಹತ್ತಿರವಾದಷ್ಟೂ ಅದು ಏರುತ್ತಲೇ ಹೋಯಿತು.

ಆಮೇಲೆ ವಾಸನೆ ಬಂತು, ಹಸಿ ಲದ್ದಿಯದು. ಪೊದೆಯ ಕಡೆಯಿಂದ ದೊಡ್ಡದೊಂದು ಹೊಟ್ಟೆಯೊಳಗಿನ ಗುಡುಗುಡು ಕೇಳಿಸಿತು. ನಮ್ಮೂರಿನಲ್ಲಿ ಅದೇನೆಂದು ಯಾರಿಗೂ ಹೇಳಿಕೊಡಬೇಕಿಲ್ಲ. ಅವನು ಆನೆಯ ಪಕ್ಕದಲ್ಲೇ ಉಸಿರು ಬಿಗಿಹಿಡಿದು ಅಡಗಿದ್ದಾನೆ, ನಾನು ಕೂಗಿ ಕೂಗಿ ಅದನ್ನು ಕೆರಳಿಸುತ್ತಿದ್ದೇನೆ ಎನಿಸಿ ಕೂಗುವುದನ್ನು ನಿಲ್ಲಿಸಿದೆ. ಮಂಜಿನಲ್ಲಿ ಕಂಡದ್ದು ಒಂದು ಕಾಲು ಮಾತ್ರ. ಅದು ಮೇಲೆದ್ದಿತು, ಇಳಿಯಿತು, ಬಹಳ ಹೊತ್ತು ಹಾಗೇ ನಿಂತಿತು. ಕೊನೆಗೆ ರಸ್ತೆ ದಾಟಿ ಮರೆಯಾಯಿತು.

ಪೊದೆಯಾಚೆಯ ಬಂಡೆಯಿಂದ ಅವನು ಇಳಿದು ಬಂದ. ಮೂತ್ರಕ್ಕೆಂದು ಪಕ್ಕಕ್ಕೆ ಹೋದವನು ಆನೆ ಕಂಡು ಬಂಡೆ ಹತ್ತಿದನಂತೆ. ಅದು ತನ್ನಷ್ಟಕ್ಕೆ ಮೇಯುತ್ತಿದ್ದರಿಂದ ಕೂತು ಸುಧಾರಿಸಿಕೊಳ್ಳುತ್ತಿದ್ದನಂತೆ. ನಾನು ಅಳುತ್ತ, ನನ್ನ ಕೂಗಿನಿಂದ ನಿನ್ನ ಜೀವ ಹೋಗುತ್ತಿತ್ತಲ್ಲ ಎಂದೆ.

“ನಂಗೇನಾಗ್ತಿತ್ತು, ಬಂಡೆ ಮೇಲಿದ್ದೆ,” ಎಂದ. “ನೀನು ಕೂಗ್ದಾಗೆಲ್ಲ ಅದು ನಿನ್ ಕಡೆ ಒಂದೊಂದ್ ಹೆಜ್ಜೆ ಇಡ್ತಿತ್ತು. ಬರ್ಬೇಡ ಅನ್ನೋಕೆ ಬಾಯಿ ತೆಗೆದೆ. ದನೀನೇ ಹೊರಡ್ಲಿಲ್ಲ.”

ಅವನು ರಸ್ತೆಯಂಚಿಗೆ ಕುಳಿತ. ನನ್ನ ಮಣಿಕಟ್ಟಿನ ಮೇಲೆ ಅಂಕಿ ಇನ್ನೂ ಇಳಿದಿರಲಿಲ್ಲ.