ಹಟ್ಟಿಗೆ ಕರೆದೊಯ್ಯದ ಗೆಳೆಯ

ಹಾಲೆಂಡಿನ ಯೋಹಾನ್ ಚಿತ್ರದುರ್ಗಕ್ಕೆ ಬಂದದ್ದು ೧೯೭೩ರಲ್ಲಿ, ಕೋಟೆ ನೋಡಿಕೊಂಡು ಎರಡು ದಿನದಲ್ಲಿ ಹೊರಡಲೆಂದು. ಕೋಟೆಯ ಕೆಳಗಿನ ನಾಟಕದವರ ಓಣಿಯಲ್ಲಿ ಕಾಟಲಿಂಗಪ್ಪ ದಾರಿಗೆ ಅಡ್ಡಲಾಗಿ ಅರಮನೆಯ ಪರದೆ ಹಾಸಿಕೊಂಡು ಬಣ್ಣ ಹಚ್ಚುತ್ತಿದ್ದ. ಯೋಹಾನ್ ಚಪ್ಪಲಿ ಬಿಟ್ಟು ಅಂಚಿನಲ್ಲಿ ಕೂತ. ಸಂಜೆಗೆ ಅವನ ಕೈಯಲ್ಲೂ ಒಂದು ಕುಂಚವಿತ್ತು. ಆಮೇಲೆ ಮೂರು ವರ್ಷ ಅಲ್ಲೇ ಉಳಿದ.

ಆ ಓಣಿಯೇ ಹಾಗಿತ್ತು. ಹಾರ್ಮೋನಿಯಂ ಮೇಷ್ಟ್ರು ಅಂಜನಪ್ಪ ಎದ್ದು ಹಲ್ಲುಜ್ಜುವುದೇ ಮಧ್ಯಾಹ್ನ. ದ್ರೌಪದಿ ಪಾರ್ಟಿನ ಶಿವಗಂಗಮ್ಮ ಜಗಲಿಯಲ್ಲಿ ಬೀಡಿ ಸೇದುತ್ತಾ ಮಾತು ಬಾಯಿಪಾಠ ಮಾಡುತ್ತಿದ್ದಳು. ಯಾರ ಜಾತಿಯನ್ನೂ ಯಾರೂ ಕೇಳುತ್ತಿರಲಿಲ್ಲ.

"ಏನಪ್ಪ ಯೋಹಣ್ಣ, ನಿಮ್ಮೂರಾಗೆ ಹೆಣ್ಣು ಸಿಗ್ಲಿಲ್ವ? ಇಲ್ಲಿ ಬಂದು ಬಣ್ಣ ಕಲಸ್ತಾ ಕುಂತಿದೀಯ!" ಎಂದು ಅವಳು ಕೆಣಕಿದರೆ, "ಸಿಕ್ಕಿದ್ಳು ಅಕ್ಕಾ, ಬೀಡಿ ಸೇದಲ್ಲ ಅಂದ್ಳು, ಬಿಟ್ ಬಂದೆ" ಎನ್ನುವಷ್ಟು ಕನ್ನಡ ಅವನಿಗೆ ಬಂತು. ತಮಾಷೆ ಬಂತು, ಸುಳ್ಳು ಬರಲಿಲ್ಲ. ನಾಟಕ ಕಂಪನಿ ಮಾಲೀಕರೇ ಕೇಳಿದರೂ, ಕಾಟಲಿಂಗಪ್ಪ ಬರೆದ ಆನೆ ಎಮ್ಮೆಯಂತಿದೆ ಎಂದುಬಿಡುತ್ತಿದ್ದ.

ಅವನನ್ನು ತನ್ನ ಹಟ್ಟಿಗೆ ಕರೆದೊಯ್ಯಲು ಕಾಟಲಿಂಗಪ್ಪ ಹೆದರಿದ್ದು ಅದಕ್ಕೇ. ಕಾಟಲಿಂಗಪ್ಪ ಯಲ್ಲದಕೆರೆ ಕಡೆಯ ಗೊಲ್ಲರ ಹಟ್ಟಿಯವನು. ಅವನ ಹಟ್ಟಿಯಲ್ಲಿ ಕೋಳಿ ತಿನ್ನುವುದಿರಲಿ, ಸುತ್ತಲಿನ ಮುಳ್ಳುಬೇಲಿಯೊಳಗೆ ಕೋಳಿ ಕಾಲಿಟ್ಟರೂ ದೇವರಿಗೆ ಆಗದು. ಓಣಿಯಲ್ಲಿ ಇಬ್ಬರ ಅಡುಗೆಯೂ ಒಂದೇ ಸ್ಟೌವಿನ ಮೇಲೆ. ಕಾಟಲಿಂಗಪ್ಪ ಮೊದಲು ಮೊಟ್ಟೆ ತಿಂದ, ಆಮೇಲೆ ಕೋಳಿಯನ್ನೂ. ಅವ್ವ ಕೇಳಿದರೆ ಯೋಹಾನ್ ಇದ್ದದ್ದನ್ನು ಇದ್ದಂತೆ ಹೇಳುತ್ತಾನೆ.

"ನಿಮ್ಮ ಹಟ್ಟಿಗೆ ಯಾವಾಗ ಹೋಗಾಣ?" ಯೋಹಾನ್ ಕೇಳಿದಾಗಲೆಲ್ಲ ಕಾಟಲಿಂಗಪ್ಪನದು ಅದೇ ಉತ್ತರ.

"ಈಗ ಬ್ಯಾಡ ಕಣಪ್ಪ. ಯಾರೋ ಹಡೆದವ್ರೆ, ಸೂತಕ ಐತೆ."

"ಹಟ್ಟೀಲಿ ಎಷ್ಟು ಮನೆ?"

"ಮೂವತ್ತು."

"ಎಷ್ಟು ಹಡೀತಾರಪ್ಪ!"

ಕಾಟಲಿಂಗಪ್ಪ ನಕ್ಕ. ಯೋಹಾನ್ ನಗಲಿಲ್ಲ.

೧೯೭೬ರ ಯುಗಾದಿ ಕಳೆದ ಮೇಲೆ ಅವನು ಕೇಳುವುದನ್ನೇ ಬಿಟ್ಟ. ಬೇಸರವಾಯಿತೇನೋ ಎಂದುಕೊಂಡರೂ ಕಾಟಲಿಂಗಪ್ಪನ ಮನಸ್ಸು ಹಗುರವಾಯಿತು. ಅದೇ ಬೇಸಿಗೆಯಲ್ಲಿ ಯೋಹಾನನಿಗೆ ಕಾಮಾಲೆ ಹಿಡಿಯಿತು. ಆಸ್ಪತ್ರೆಯ ಮಂಚದ ಪಕ್ಕ ಕೂತು ಕಾಟಲಿಂಗಪ್ಪ, "ವಾಸಿಯಾಗು, ಹಟ್ಟಿಗೆ ಹೋಗಾಣ" ಎಂದ. ಯೋಹಾನ್ ಅವನ ಕೈ ಅದುಮಿದ. ಮೂರನೆಯ ದಿನ ತೀರಿಕೊಂಡ. ಓಣಿಗೆ ಓಣಿಯೇ ಬಂದು ಮಣ್ಣು ಮಾಡಿತು.

ಎರಡು ವಾರ ಕಳೆದು ಕಾಟಲಿಂಗಪ್ಪ ಹಟ್ಟಿಗೆ ಹೋದ. ಅವನ ಅವ್ವ ಗಂಗಕ್ಕ ಬೇಲಿಯ ಬಾಯಲ್ಲೇ ಸಿಕ್ಕಳು.

"ನಿನ್ ಜೊತೆಗಾರ ಬಿಳಿಯಣ್ಣ ಹೆಂಗವ್ನಲೇ?"

"ನಿಂಗೆ... ಅವನು ಹೆಂಗೆ ಗೊತ್ತು?"

"ನಾನು ಬಂದಿದ್ದು ಹೇಳ್ಬ್ಯಾಡ, ನಿನ್ ಮಗ ಬೇಜಾರು ಮಾಡ್ಕಂತಾನೆ ಅಂದಿದ್ದ. ಎಷ್ಟು ದಿನ ಬಾಯಿ ಕಟ್ಕಂಡಿರ್ಲಿ? ಯುಗಾದಿ ಹತ್ರ ಬಂದಿದ್ದ. ಯಲ್ಲದಕೆರೇಲಿ ಬಸ್ಸಿಳಿದು ನಡ್ಕಂಡು. ಚಪ್ಲಿ ಬಿಟ್ಟು ಬೇಲಿ ಹೊರಗೇ ನಿಂತ, ಒಳಗೆ ಬರ್ಲಾ ಅಂತ ಕೇಳ್ಲಿಲ್ಲ. ಹುಣಸೆ ಮರದ ಕೆಳಗೆ ಉಂಬಾಕಿಕ್ಕಿದೆ. ನನ್ ಮಗ ಅಲ್ಲಿ ಏನ್ ತಿಂತಾನಪ್ಪ ಅಂತ ಕೇಳ್ದೆ. ಮುದ್ದೆ, ಹುಳ್ಳಿಸಾರು ಕಣವ್ವ, ಬ್ಯಾರೆ ಏನೂ ಮುಟ್ಟಲ್ಲ ಅಂದ. ಬಾ ಒಳಗೆ, ಬಿಸ್ಲು."

ಕಾಟಲಿಂಗಪ್ಪ ಹುಣಸೆ ಮರದ ಕಡೆ ನೋಡಿದ. ಸುಳ್ಳು ಬಾರದವನು ತನಗಾಗಿ ಒಂದು ಸುಳ್ಳು ಹೇಳಿ, ಅದನ್ನೂ ಮುಚ್ಚಿಟ್ಟುಕೊಂಡು ಹೋಗಿದ್ದ.

"ಅವ್ವ, ಅವನು ಸತ್ತೋದ. ಅವನು ನಿಂಗೆ ಹೇಳಿದ್ದು ಸುಳ್ಳು. ನಾನು ಕೋಳಿ ತಿಂದಿದೀನಿ. ಎಷ್ಟೋ ಸಲ."

ಗಂಗಕ್ಕ ಎರಡು ಹೆಜ್ಜೆ ಹಿಂದೆ ಸರಿದಳು.

"ಅಲ್ಲೇ ನಿಂತ್ಕ. ಪೂಜಾರಪ್ಪ ತೀರ್ಥ ತರೋಗಂಟ ಒಳಗೆ ಬರ್ಬ್ಯಾಡ."

ನಾಲ್ಕು ಮಾರು ಹೋದವಳು ತಿರುಗಿದಳು.

"ಅವ್ವ ಅವ್ಳಾ ಅವನಿಗೆ?"

"ಅವ್ಳೆ. ಕಾಗ್ದ ಬರೀಬೇಕು. ಏನಂತ ಬರೀಲಿ?"

"ನಾನು ಮುದ್ದೆ ಇಕ್ಕಿದ್ದೆ ಅಂತ ಬರಿ," ಎಂದಳು ಗಂಗಕ್ಕ. "ಎರಡು ಉಂಡ ಅಂತಾನೂ ಬರಿ."