ಎಡಬದಿಯ ಬಾಗಿಲು
ಎಂಬತ್ತರ ದಶಕದ ಕೊನೆಯಲ್ಲಿ ನಾನು ಮಸ್ಕತ್ತಿನ ವಾದಿ ಅದಾಯ್‌ನ ಒಂದು ವರ್ಕ್‌ಶಾಪಿನಲ್ಲಿ ಸೂಪರ್‌ವೈಸರ್. ಪಿಕಪ್‌ಗಳ ಹಿಂದೆ ಕೆಲಸಗಾರರು ಕೂರಲು ತಗಡಿನ ಬಾಡಿ ಕಟ್ಟುವುದು ನಮ್ಮ ಕಸುಬು. ಪ್ರತಿ ಶನಿವಾರ ಬೆಳಿಗ್ಗೆ ಮೀಟಿಂಗ್. ಮಾಲೀಕರಾದ ಕಫೀಲ್, ಕೆಲಸಗಾರರ ಬಾಯಲ್ಲಿ ‘ಅರ್ಬಾಬ್’, ಅರಬ್ಬಿಯಲ್ಲಿ ಶುರುಮಾಡಿ ಹಿಂದಿಗೆ ಇಳಿಯುತ್ತಿದ್ದರು. ಮಲಯಾಳಿ ಮೆಕ್ಯಾನಿಕ್, ಬಂಗಾಳಿ ಪೇಂಟರ್, ಪಠಾಣ ವೆಲ್ಡರ್ ಎಲ್ಲರೂ ‘ಅಚ್ಛಾ’ ಎಂದು ತಲೆಯಾಡಿಸಿ, ಹೋಗಿ ತಮಗೆ ತೋಚಿದ್ದನ್ನು ಮಾಡುತ್ತಿದ್ದರು.

ತಲೆ ಕೆಟ್ಟು ಒಂದು ದಿನ ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಗಾಡಿ, ಬೆಂಚು ಗೀಚಿ ತೋರಿಸಿದೆ. ಮೀಟಿಂಗಿಗೆ ಜೀವ ಬಂತು. ಪಷ್ತೋ ಬಿಟ್ಟರೆ ಹರಕು ಹಿಂದಿ ಮಾತ್ರ ಬಲ್ಲ ವೆಲ್ಡರ್ ನನ್ನ ಮಾರ್ಕರ್ ಕಿತ್ತುಕೊಂಡು ಬೆಂಚಿಗೆ ಇನ್ನೆರಡು ಕಾಲು ಸೇರಿಸಿದ. ಇಲ್ಲದಿದ್ದರೆ ಏನಾಗುತ್ತದೆಂದು ನೆಲಕ್ಕೆ ಬಿದ್ದೇ ತೋರಿಸಿದ. ಎಲ್ಲರೂ ನಕ್ಕರು. ನಾನಂತೂ ದೊಡ್ಡ ಚಿತ್ರಕಾರನೇ ಆಗಿಬಿಟ್ಟೆ ಅಂದುಕೊಂಡೆ.

ಆಮೇಲೊಂದು ಶನಿವಾರ, ಪಕ್ಕಕ್ಕೆ ಬಾಗಿಲಿರುವ ಬಾಡಿಯ ಚಿತ್ರ ಬರೆದು ವೆಲ್ಡರನ ಕೈಗಿತ್ತೆ. ವಾರದೊಳಗೆ ಮಾಡಿ ಮುಗಿಸಿದ. ನೋಡಲು ಬಂದ ಕಫೀಲ್ ತಲೆ ಮೇಲೆ ಕೈಯಿಟ್ಟರು. ಬಾಗಿಲು ಎಡಕ್ಕಿತ್ತು, ಇಳಿದವರು ನೇರ ಓಡುವ ಗಾಡಿಗಳ ನಡುವೆಯೇ ಇಳಿಯಬೇಕು.

ಮೀಟಿಂಗಿನಲ್ಲಿ ಕಫೀಲ್ ಕೂಗಾಡಿದರು. ಎರಡು ವರ್ಷಕ್ಕೊಮ್ಮೆ ಊರಿಗೆ ಹೋಗಲು ಸಿಗುವ ವೆಲ್ಡರನ ರಜೆ ಮುಂದಿನ ವಾರವಿತ್ತು. ಅದು ಖಲಾಸ್ ಅಂದರು. ಆತ ತಲೆ ತಗ್ಗಿಸಿ ಕೂತಿದ್ದ.

ಪಕ್ಕದಲ್ಲಿದ್ದ ಉಡುಪಿಯ ಸ್ಟೋರ್‌ಕೀಪರ್ ಪಿಸುಗುಟ್ಟಿದರು: “ನೀವು ಊರಿನ ಬಸ್ಸೇ ಬಿಡಿಸಿದ್ದಲ್ವಾ ಮಾರಾಯ್ರೆ?”

ಇಲ್ಲಿ ಗಾಡಿಗಳು ಬಲಕ್ಕೆ ಓಡುತ್ತವೆ, ಬಾಗಿಲೂ ಬಲಕ್ಕೇ ಇರಬೇಕು. ಆರು ವರ್ಷ ಇಲ್ಲೇ ಗಾಡಿ ಓಡಿಸಿದರೂ ನನ್ನ ಕೈ ಮಾತ್ರ ಮಂಗಳೂರಿನಲ್ಲೇ ಇತ್ತು. ಬಾಯಿಬಿಟ್ಟು ಹೇಳಲು ನಾಚಿಕೆ. ಎದ್ದು ಎಡಬಾಗಿಲಿನ ಆ ಬಾಡಿಯನ್ನೇ ಮತ್ತೆ ಬರೆದೆ. ಪಕ್ಕಕ್ಕೆ ಕನ್ನಡಕ, ಮೀಸೆಯ ಸಮೇತ ನನ್ನ ಮುಖ ಬರೆದು ಕತ್ತೆಯ ಕಿವಿ ಇಟ್ಟೆ. ಕಫೀಲ್ ಕಣ್ಣೊರೆಸಿಕೊಳ್ಳುವಷ್ಟು ನಕ್ಕರು.

“ಅವನು ರಜೆಗೆ ಹೋಗಲಿ. ಬಾಗಿಲು ನೀನೇ ನಿಂತು ಸರಿ ಮಾಡಿಸು. ಯಲ್ಲಾ, ನಡಿ.”

ಹೊರಗೆ ಬಂದು ವೆಲ್ಡರನನ್ನು ಯಾಕೆ ಸುಮ್ಮನಿದ್ದೆ ಎಂದು ಬೈದೇಬಿಟ್ಟೆ. ಆತ ಜೇಬಿನಿಂದ ನಾಲ್ಕು ಮಡಿಕೆಯ ನನ್ನ ಚಿತ್ರ ತೆಗೆದ. ಅವನ ಹರಕು ಹಿಂದಿಯ ಅರ್ಥ ಇಷ್ಟು:

“ಇದು ತೋರಿಸಿದ್ರೆ ಅರ್ಬಾಬ್ ಚಿತ್ರ ಬಂದ್ ಮಾಡಿಸ್ತಿದ್ರು. ಮತ್ತೆ ಮೀಟಿಂಗಲ್ಲಿ ನಾನು ಮೂಗ.”