ಕಸ್ತೂರೆವ್ವನ ಕರಡಿಗೆ

ಅಣ್ಣಿಗೇರಿಯ ಶಮೀಮಾಬಿ ಹುಬ್ಬಳ್ಳಿಯ ಕ್ಯಾನ್ಸರ್ ಆಸ್ಪತ್ರೆಯಲ್ಲಿ ನರ್ಸು. ದಿನಾ ಬೆಳಗಿನ ಪ್ಯಾಸೆಂಜರ್ ಗಾಡಿಗೆ ಹೋಗಿ ಸಂಜೆಯ ಗಾಡಿಗೆ ಬರುವಾಕೆ. ಡಾಕ್ಟರು ಗಡಿಬಿಡಿಯಲ್ಲಿ ಹೇಳಿಹೋದದ್ದನ್ನು ರೋಗಿಯ ಬಾಜು ಕುಳಿತು ಬಿಡಿಸಿ ಹೇಳುವ ಕೆಲಸವನ್ನು ಆಕೆ ತಾನಾಗಿಯೇ ಹಚ್ಚಿಕೊಂಡಿದ್ದಳು. ನಮ್ಮೂರ ಮಗಳೆಂದು ಅಣ್ಣಿಗೇರಿಯವರು ಎದೆಯುಬ್ಬಿಸಲು ಇಷ್ಟು ಸಾಲದೇ?

೧೯೮೪ರಲ್ಲಿ ಯರಗುಪ್ಪಿಯ ಕಸ್ತೂರೆವ್ವ ಎದೆಯಲ್ಲಿ ಗಡ್ಡೆಯೆಂದು ಬಂದಳು. ಡಾಕ್ಟರು ಎರಡು ದಾರಿ ಹೇಳಿದರು. ಎರಡಕ್ಕೂ ಆಕೆ ಒಲ್ಲೆನೆಂದಳು. ಮಗ ಈರಪ್ಪ ಚೀಲ ಕಟ್ಟತೊಡಗಿದ.

"ಅವ್ವ ಅಂಜ್ಯಾಳ್ರಿ. ಬಸ್ಸಿಗೆ ಹೊತ್ತಾತು."

"ಬಸ್ಸು ನಾಳೆನೂ ಐತಿ. ಹೊರಗ ಹೋಗಿ ಚಾ ಕುಡದ ಬರ್ರಿ," ಎಂದು ಶಮೀಮಾಬಿ ಅವನನ್ನು ಅಟ್ಟಿ, ಮಂಚದ ಮೇಲೆ ಕುಳಿತಳು.

"ನೋಡ್ರಿ ಯವ್ವಾ, ಆಪರೇಶನ್ ಅಂದ್ರ ಮಲಿ ತಗೀತಾರ, ಆಮ್ಯಾಲೆ ಕರೆಂಟ್ ಕೊಡ್ತಾರ, ಅಂದ್ರ ಮಶೀನಿಲೆ ಕಿರಣ ಬಿಡ್ತಾರ. ಬದುಕೂ ಆಶಾ ಜಾಸ್ತಿ. ಬರೇ ಕರೆಂಟಂದ್ರ ಕೊಯ್ಯೂದಿಲ್ಲ, ಖರೆ, ಗಡ್ಡಿ ತಿರುಗಿ ಬರೂ ಭಯ ಜಾಸ್ತಿ. ಏನೂ ಬ್ಯಾಡಂದ್ರ ಅದು ಬೆಳಕೋತ ಹೋಗ್ತೈತಿ. ಅಂಜಿಕಿ ಯಾವುದರದು, ಹೇಳ್ರಿ."

"ಸಾಯಾಕ ಅಂಜೂದಿಲ್ಲ ತಂಗಿ." ಕಸ್ತೂರೆವ್ವ ಕೊರಳಲ್ಲಿದ್ದ ಲಿಂಗದ ಬೆಳ್ಳಿ ಕರಡಿಗೆಯನ್ನು ಬಿಗಿಹಿಡಿದಳು. "ಎರಡಕ್ಕೂ ಇದನ್ನ ತಗದಿಡಬೇಕಂತ. ದೀಕ್ಷಾ ಆದಾಗಿಂದ ಲಿಂಗ ಮೈ ಬಿಟ್ಟಿಲ್ಲ. ಅದನ್ನ ಬಿಟ್ಟು ಬದುಕೂದು ಒಲ್ಲೆ."

ಅಯ್ಯ! ಎಲ್ಲರೂ ಅಂಜಿಕೆ, ಅಂಜಿಕೆ ಎಂದು ಆಕೆಯ ತಲೆ ತಿಂದರೇ ಹೊರತು ಯಾಕೆಂದು ಒಬ್ಬರಾದರೂ ಕೇಳಿದ್ದರೇ? ಶಮೀಮಾಬಿಗೆ ತನ್ನ ಮೇಲೇ ಕೆಟ್ಟ ಸಿಟ್ಟು ಬಂತು. ಬಳೆ, ಸರ, ಕರಡಿಗೆ ಎಲ್ಲ ತೆಗೆದಿಡಬೇಕೆಂದು ಮೊದಲ ದಿನ ಒಂದೇ ಉಸುರಿಗೆ ಹೇಳಿದವಳು ತಾನೇ.

ಮರುದಿನ ರಜೆ ಹಾಕಿ ಯರಗುಪ್ಪಿಯ ಬಸ್ಸು ಹತ್ತಿದಳು. ಮಠದ ಅಯ್ಯನವರ ಮುಂದೆ ನಿಂತು ಇದ್ದದ್ದನ್ನು ಇದ್ದಂತೆ ಹೇಳಿದಳು. ಅವರು ನಕ್ಕರು.

"ಎದಿ ಮ್ಯಾಲೇ ಇರಬೇಕಂತ ಏನೈತಿ? ಅರಿವ್ಯಾಗ ಸುತ್ತಿ ನೆತ್ತಿ ಮ್ಯಾಲೆ ಕಟ್ಕೊಳ್ಳಾಕ ಹೇಳವಾ. ಅದು ಇನ್ನೂ ಮ್ಯಾಲಿನ ಜಾಗಾ."

ಶಮೀಮಾಬಿ ಆ ಮಾತನ್ನು ಕಸ್ತೂರೆವ್ವನಿಗೆ ಮುಟ್ಟಿಸಿದಳು. ಡಾಕ್ಟರೂ ಅಡ್ಡಿಯಿಲ್ಲವೆಂದರು. ಏನು ಮಾಡುತ್ತೀರೆಂದು ಅವರು ಈರಪ್ಪನನ್ನು ಕೇಳಿದರೆ, ಉತ್ತರ ಕೊಟ್ಟವಳು ಕಸ್ತೂರೆವ್ವ.

"ನನ್ನ ಕೇಳ್ರಿ. ಮೊದಲ ಆಪರೇಶನ್, ಆಮ್ಯಾಲೆ ಕರೆಂಟ್. ಯಾಕಂತನೂ ಹೇಳ್ಲೇನು?"

ಈರಪ್ಪ ಕಟ್ಟಿಟ್ಟ ಚೀಲ ಬಿಚ್ಚತೊಡಗಿದ. ಶಮೀಮಾಬಿಗೆ ಆ ಕ್ಷಣ ಯಾರೋ ತನಗೇ ಶಾಲು ಹೊದಿಸಿದಂತಾಯಿತು.

ಆಪರೇಶನ್ ದಿನ ಥಿಯೇಟರಿನ ಬಾಗಿಲಲ್ಲಿ ಕಸ್ತೂರೆವ್ವ ಕರಡಿಗೆಯಿಂದ ಲಿಂಗ ತೆಗೆದು, ಬಿಳಿ ಅರಿವೆಯಲ್ಲಿ ಸುತ್ತಿ, ನೆತ್ತಿಗಿಟ್ಟುಕೊಂಡಳು. ಒಂದು ಕೈಯಲ್ಲಿ ಅದನ್ನು ಹಿಡಿದುಕೊಂಡು ಗಂಟು ಹಾಕಲಾಗಲಿಲ್ಲ.

"ನೀನಽ ಕಟ್ಟು ತಂಗಿ."

ಶಮೀಮಾಬಿ ಹಿಂಜರಿದಳು. "ನಾ ಮುಟ್ಟಬಹುದೇನ್ರಿ ಯವ್ವಾ?"

"ನನ್ನ ಜೀವನಽ ನಿನ್ನ ಕೈಯಾಗ ಕೊಟ್ಟೇನಲ್ಲ ಬೇ! ಬಿಗಿ ಕಟ್ಟು."

ಶಮೀಮಾಬಿ ಕಣ್ಣೊರೆಸಿಕೊಂಡು ಬಿಗಿಯಾಗಿ ಕಟ್ಟಿದಳು. ಸಂಜೆ ಎಚ್ಚರವಾದಾಗ ಕಸ್ತೂರೆವ್ವನ ಕೈ ಗಾಯದ ಕಡೆ ಹೋಗಲಿಲ್ಲ, ಮೊದಲು ನೆತ್ತಿಗೆ ಹೋಯಿತು. ಅರಿವೆ ಕಟ್ಟಿದಲ್ಲೇ ಇತ್ತು.